ಏಳು ಜನ್ಮದ ಕಂತು

ಸೋಮವಾರ, ಬೆಳಿಗ್ಗೆ 8.10

ಮೂರನೇ ಲಿಫ್ಟ್ ಮತ್ತೆ ಕೈಕೊಟ್ಟಿತು. ನಾನು ಅದರ ಹೊಟ್ಟೆಯೊಳಗೆ ಸ್ಪ್ಯಾನರ್ ಆಡಿಸುತ್ತಿದ್ದಾಗ ಅಮ್ಮ ಮೆಟ್ಟಿಲಲ್ಲಿ ಜಾರಿದಳು. ಎರಡೂ ಕಣ್ಣಿಗೆ ಪೊರೆ. ಲಿಫ್ಟ್ ಮೆಕ್ಯಾನಿಕ್‌ನ ತಾಯಿಗೆ ಮೆಟ್ಟಿಲೇ ಗತಿ! ಕೆಳಮನೆಯ ಟೈಲರ್ ಹಿಡಿದುಕೊಂಡರು. ಓಡಿಬಂದು ಅವರ ಕೈ ಹಿಡಿದುಕೊಂಡೆ. "ನಿಮ್ಮ ಋಣ ಏಳು ಜನ್ಮಕ್ಕೂ ತೀರಲ್ಲ ಯಜಮಾನ್ರೇ" ಅಂದುಬಿಟ್ಟೆ.

ಅಂಗಿಯ ಗುಂಡಿ 'ಟಿಂಗ್' ಎಂದಿತು.

ನೋಟು ರದ್ದು ಮಾಡಿ, ಆಡಿದ ಮಾತನ್ನೇ ದುಡ್ಡು ಮಾಡಿ, ಊರಿನವರ ಅಂಗಿಗುಂಡಿಗಳಿಗೆಲ್ಲ ಕಿವಿ ಹಚ್ಚಿದ ಪುಣ್ಯಾತ್ಮನಿಗೆ ಸಾಷ್ಟಾಂಗ ನಮಸ್ಕಾರ. ಜೊತೆಗೊಂದು ತಲೆಯನ್ನೂ ಹಚ್ಚಬಾರದಿತ್ತೇ?

11.30

ಆಡಿದ ಋಣ ಸಾಲವಾಗಿ ದಾಖಲಾಗಿ ಖಾತೆ ಲಾಕ್. ಸಾಲದ ಕಚೇರಿಗೆ ಓಡಿದೆ. ಗುಮಾಸ್ತೆ ತಲೆ ಎತ್ತಲಿಲ್ಲ.

"ಇದು ಎಷ್ಟನೇ ಜನ್ಮ?"

"ನಂಗೇನ್ರೀ ಗೊತ್ತು!"

"ಗೊತ್ತಿಲ್ಲಾಂದ್ರೆ ಮೊದಲ್ನೇದು ಅಂತ ಹಾಕ್ತೀನಿ. ಇನ್ನೂ ಆರು ಕಂತು."

ಗುರುವಾರ ಅಮ್ಮನ ಕಣ್ಣಿನ ಆಪರೇಷನ್. ಲಾಕ್ ಆದವನಿಗೆ ಆಸ್ಪತ್ರೆಯ ಬಾಗಿಲೂ ತೆರೆಯದು. ಟೈಲರೇ ಬಾಯಿಬಿಟ್ಟು ಋಣ ತೀರಿತು ಅನ್ನಬೇಕಂತೆ.

ಮಂಗಳವಾರ

ಟೈಲರ್ ದೇವರಂಥವರು. ಆದರೆ ದೇವರ ಬಾಯಲ್ಲಿ ಸದಾ ಆರೇಳು ಗುಂಡುಸೂಜಿ. ಅವನ್ನು ತೆಗೆಯದೆ, ನನ್ನ ಗುಂಡಿಗೆ ಬಗ್ಗಿ, "ಇವ್ರು ಋಣ ತೀರಿಸ್ಕೊಂಡ್ರು" ಎಂದರು. ಅರ್ಧ ಅಕ್ಷರ ಸೂಜಿಗೆ ಸಿಕ್ಕಿಕೊಂಡಿತು. ಗುಂಡಿಗೆ ಕೇಳಿಸಿದ್ದು: ಇವ್ರು ತೀರ್ಕೊಂಡ್ರು.

'ಟಿಂಗ್. ನಿಮ್ಮ ನಿಧನಕ್ಕೆ ಸಂತಾಪಗಳು.'

ಬುಧವಾರ

ಸತ್ತು ಒಂದು ದಿನ. ನಾನೇ ರಿಪೇರಿ ಮಾಡಿದ ಲಿಫ್ಟ್ ನನ್ನನ್ನು ಹತ್ತಿಸಿಕೊಳ್ಳದು. ಹದಿನಾರು ಮಹಡಿ ಹತ್ತಿದೆ... ಹೆಣಕ್ಕೆ ಏದುಸಿರು ಬೇರೆ! ಕೂಗಿ ಬದುಕಿಬಿಡೋಣವೆಂದು ಬಾಯಿ ತೆರೆದೆ. ಹೆಂಡತಿ ಅಂಗೈಯಿಂದ ಮುಚ್ಚಿ, ಚೀಟಿ ಬರೆದು ತೋರಿಸಿದಳು:

'ಮಗ ಇಲ್ಲದ ತಾಯಿಗೆ ಆಪರೇಷನ್ ಬಿಟ್ಟಿ! ನಾಳೆ ಸಂಜೆ ಆರಕ್ಕೆ ಬಿಲ್ ಲೆಕ್ಕ ಮುಗಿಯತ್ತೆ. ಅಲ್ಲೀತನಕ ಸತ್ತೇ ಇರಿ. ನಿಮ್ಮಿಂದ ಇಷ್ಟಾದ್ರೂ ಉಪಯೋಗ ಆಗ್ಲಿ.'

ಸರಿಯೇ. ಯಾವ ಗುಂಡಿಗೆ ನನ್ನ ದನಿ ಕೇಳಿಸಿದರೂ ನಾನು ಏಳುತ್ತೇನೆ. ಜೊತೆಗೆ ಸಾಲವೂ ಎದ್ದು ಕೂರುತ್ತದೆ. ಆದರೆ ಅಮ್ಮನಿಗೆ ತಿಳಿಸುವುದು ಹೇಗೆ? ಚೀಟಿ ಓದಲಾರಳು. ಪಿಸುಗುಟ್ಟಿದರೆ ಗುಂಡಿಗೆ ಕೇಳುತ್ತದೆ. ಅವರು ಡ್ಯೂಟಿಗೆ ಹೋಗಿದ್ದಾರೆ ಎಂದಳು ಹೆಂಡತಿ, ಅಮ್ಮನಿಗೆ. ಗುಂಡಿ ಸುಮ್ಮನಿತ್ತು. ಸತ್ತವರಿಗೂ ಡ್ಯೂಟಿ ಇರುತ್ತದೆಂದು ಅದಕ್ಕೂ ಗೊತ್ತಿರಬೇಕು.

ಗುರುವಾರ, ಸಂಜೆ 5.40

ಆಪರೇಷನ್ ಸುಸೂತ್ರ. ಕಣ್ಣಿಗೆ ಪಟ್ಟಿ. ಅಳು ಬಂದರೂ ಅಳಬಾರದು ಎಂದಿದ್ದಾರೆ ಡಾಕ್ಟರು. ಹೆಂಡತಿಗೆ ಬಾಗಿಲು ತೆರೆದಾಗ ಅವಳ ಬೆನ್ನಿಗಂಟಿ ಒಳನುಸುಳಿದೆ; ಮಂಚದ ಪಕ್ಕ ಕೂತು ಬರೆಯುತ್ತಿದ್ದೇನೆ. ಪೆನ್ಸಿಲ್‌ಗೆ ಮಾತ್ರ ಇನ್ನೂ ಕಿವಿ ಮೂಡಿಲ್ಲ. ಇಪ್ಪತ್ತೇ ನಿಮಿಷ.

5.46

ನರ್ಸ್ ಬಂದು ಕಂಪ್ಯೂಟರ್ ಪರದೆ ನೋಡಿ ಹೇಳಿಯೇಬಿಟ್ಟಳು: "ನಿಮ್ಗೆ ಬಿಲ್ ಇಲ್ಲ ಅಜ್ಜೀ. ಮಗ ತೀರ್ಕೊಂಡಿದ್ದಾರಲ್ಲ..."

5.51

ಅಮ್ಮ ಗಾಳಿ ತಡವಿದಳು. ಕೈ ಕೊಟ್ಟೆ. ಗ್ರೀಸು ಮೆತ್ತಿದ ಬೆರಳುಗಳನ್ನು ಒಂದೊಂದಾಗಿ ಎಣಿಸಿದಳು.

"ನೀನೇನೋ? ಮಾತಾಡೋ. ಬರೀ ಕೈ ನಂಬಲ್ಲ ನಾನು."

ಹೆಂಡತಿ ಗಡಿಯಾರ ತೋರಿಸುತ್ತಿದ್ದಾಳೆ. ಒಂಬತ್ತು ನಿಮಿಷ.

"ಮಗಾ..."

ಪಟ್ಟಿಯ ಅಂಚು ಒದ್ದೆಯಾಗುತ್ತಿದೆ. ಥತ್, ಏಳಲ್ಲದಿದ್ದರೆ ಎಂಟು ಜನ್ಮ ಬರೆದುಕೊಳ್ಳಲಿ. ಬಾಯಿ ತೆರೆದೇಬಿಡುತ್ತೇನೆ. ಅಮ್ಮಾ, ಇಲ್ಲೇ ಇದ್ದೀ