ಧನ್ಯವಾದ ತಲುಪಿದ ಫೋನಿಗೆ ಫಲಿತಾಂಶ ತಲುಪಲಿಲ್ಲ

ಮಾನ್ಯ ರಕ್ತನಿಧಿ ನಿರ್ದೇಶಕರೇ,

ಕಳೆದ ವರ್ಷ ನಿಮ್ಮಲ್ಲಿ ರಕ್ತ ಕೊಟ್ಟ 9,140 ಮಂದಿಯಲ್ಲಿ 287 ಮಂದಿಯ ರಕ್ತದಲ್ಲಿ ಹೆಪಟೈಟಿಸ್ ಬಿ ಅಥವಾ ಸಿ ವೈರಾಣು ಸಿಕ್ಕಿದೆ. ಹೀಗೆಂದು ಹೇಳಿದವರು ನೀವೇ. ಹೋದ ವಾರ ಬಿಡುಗಡೆಯಾದ ನಿಮ್ಮ ವಾರ್ಷಿಕ ವರದಿ, ಪುಟ ಮೂವತ್ತೊಂದು. ಸೋಂಕಿದ್ದ ಚೀಲಗಳನ್ನೆಲ್ಲ ಸುಟ್ಟಿದ್ದೀರಿ ಎಂದೂ ಅದೇ ಪುಟದಲ್ಲಿದೆ. ಆ 287 ಮಂದಿಯಲ್ಲಿ ಎಷ್ಟು ಜನರಿಗೆ ವಿಷಯ ತಿಳಿಸಿದಿರಿ ಎಂಬುದು ಯಾವ ಪುಟದಲ್ಲೂ ಇಲ್ಲ. ಒಬ್ಬನ ವಿಚಾರ ನನಗೆ ಗೊತ್ತು. ಅವನು ನನ್ನ ತಮ್ಮ. ಅವನಿಗೆ ತಿಳಿಸಲಿಲ್ಲ. ಅವನು ತೀರಿಕೊಂಡು ಇಂದಿಗೆ ಇಪ್ಪತ್ತಮೂರು ದಿನ.

ಬಸ್ ಡಿಪೊದಲ್ಲಿ ಮೆಕ್ಯಾನಿಕ್ ಆಗಿದ್ದ. ನಾಲ್ಕು ವರ್ಷದಲ್ಲಿ ಐದು ಸಲ, ಡಿಪೊದ ಊಟದ ಹಾಲಿನಲ್ಲಿ ನೀವು ಹಾಕಿಸಿದ ಮಂಚದ ಮೇಲೆ ಮಲಗಿ, ಗ್ರೀಸು ತೊಳೆದ ತೋಳು ಚಾಚಿದ. ಐದನೆಯದು ಕಳೆದ ವರ್ಷ. ಪ್ರತಿ ಸಲವೂ ಅರ್ಜಿಯಲ್ಲಿ 'ದೋಷ ಕಂಡುಬಂದರೆ ನನಗೆ ತಿಳಿಸಿ' ಎಂಬಲ್ಲಿ ಸರಿ ಗುರುತು ಹಾಕಿದ. ಪ್ರತಿ ಸಲವೂ ಮನೆ ಮುಟ್ಟುವ ಮೊದಲೇ ಮೆಸೇಜು ಬರುತ್ತಿತ್ತು: ನಿಮ್ಮ ರಕ್ತ ಮೂರು ಜೀವ ಉಳಿಸಿದೆ, ಧನ್ಯವಾದ. "ಐದ್ ಮೂರ್ಲ ಹದಿನೈದು, ಅಕ್ಕಾ. ನಾನಿಲ್ದಿದ್ರೆ ನಮ್ ಬಸ್ಸಲ್ಲಿ ಮೂರು ಸಾಲು ಸೀಟು ಖಾಲಿ ಹೋಗ್ತಿತ್ತು," ಎನ್ನುತ್ತಿದ್ದ.

ಹೊಟ್ಟೆ ಊದಿಕೊಂಡು ಆಸ್ಪತ್ರೆ ಸೇರಿದಾಗ ವೈದ್ಯರು, ಈ ಬಿ ವೈರಾಣು ಹುಟ್ಟಿನಿಂದಲೇ ಇದ್ದಿರಬೇಕು, ನಾಲ್ಕು ವರ್ಷದ ಹಿಂದೆ ಗೊತ್ತಾಗಿದ್ದರೆ ದಿನಕ್ಕೊಂದು ಮಾತ್ರೆಯಲ್ಲಿ ಹತೋಟಿಗೆ ತರಬಹುದಿತ್ತು ಎಂದರು. ಅವರ ಚೀಟಿ ಹಿಡಿದು ನಿಮ್ಮ ಕಚೇರಿಗೆ ಬಂದೆ. ದಾಖಲೆ ಪುಸ್ತಕದಲ್ಲಿ ತಮ್ಮನ ಹೆಸರು ಐದು ಕಡೆ ಇತ್ತು, ಐದಕ್ಕೂ ಸೋಂಕಿದೆ ಎಂಬ ಕೆಂಪು ಶಾಯಿಯ ಸುತ್ತು. ಶಿಬಿರಕ್ಕೊಂದು ಹೊಸ ದಾನಿ ಸಂಖ್ಯೆ ಕೊಡುವುದರಿಂದ ಹಿಂದಿನ ಸುತ್ತು ಯಾರ ಕಣ್ಣಿಗೂ ಬೀಳುವುದಿಲ್ಲವಂತೆ. ನಿಮ್ಮ ತಂತ್ರಜ್ಞರು ಒಳ್ಳೆಯವರು, ಕೂರಲು ಕುರ್ಚಿ ಕೊಟ್ಟರು. "ಚೀಲ ಸುಡೋದು ನಮ್ಮ ಕೆಲಸ, ಅಮ್ಮ. ಕರೆದು ಹೇಳೋದು ಆಪ್ತಸಮಾಲೋಚಕರದ್ದು. ಆ ಪೋಸ್ಟು ಆರು ವರ್ಷದಿಂದ ಖಾಲಿ ಇದೆ." ಹಾಗಾದರೆ ಮೆಸೇಜು ಕಳಿಸುವವರು ಯಾರು ಎಂದು ಕೇಳಿದೆ. ಅದು ತಾನಾಗಿಯೇ ಹೋಗುತ್ತದೆ, ಪರೀಕ್ಷೆಗೂ ಮೊದಲೇ ಎಂದರು.

ಮಾನ್ಯರೇ, ಧನ್ಯವಾದ ಹೇಳಲು ಹುದ್ದೆ ಬೇಡ, ಕಾಯಿಲೆ ಹೇಳಲು ಮಾತ್ರ ಹುದ್ದೆ ಬೇಕೆ? ಎರಡಕ್ಕೂ ಫೋನ್ ನಂಬರು ಒಂದೇ ಅಲ್ಲವೇ? ರಕ್ತ ಪಡೆಯುವವರನ್ನು ಕಾಪಾಡಿದಿರಿ, ಒಪ್ಪುತ್ತೇನೆ. ಕೊಟ್ಟವನ ಪಾಡೇನು?

ಅಂದು ಆಸ್ಪತ್ರೆಗೆ ಮರಳಿದಾಗ ತಮ್ಮನಿಗೆ ನಾನು ಸುಳ್ಳು ಹೇಳಲಿಲ್ಲ. ಐದೂ ಚೀಲ ಸುಟ್ಟರಂತೆ ಎಂದೆ. ಫ್ಯಾನು ನೋಡುತ್ತ ಮಲಗಿದ್ದವನು ನನ್ನ ಕಡೆ ತಿರುಗಿದ.

"ಹಂಗಾದ್ರೆ ಆ ಹದಿನೈದ್ರಲ್ಲಿ ಒಬ್ಬರೂ ಇಲ್ವಾ, ಅಕ್ಕಾ?"

ಅವನ ಹೆಂಡತಿಗೂ ಮಗಳಿಗೂ ಸೋಂಕಿಲ್ಲ, ಲಸಿಕೆ ಹಾಕಿಸಿದ್ದೇವೆ. ಉಳಿದ 286 ಮಂದಿಯ ಮನೆಗಳಲ್ಲೂ ಹೆಂಡತಿ, ಗಂಡ, ಮಕ್ಕಳು ಇರಬೇಕು. ಹುದ್ದೆ ತುಂಬುವವರೆಗೆ ಕಾಯಬೇಡಿ. ಈ ತಿಂಗಳೊಳಗೆ ಒಬ್ಬೊಬ್ಬರಿಗೂ ಫೋನು ಮಾಡಿಸಿ, ಒಬ್ಬರೇ ಇರುವಾಗ ಕೂರಿಸಿಕೊಂಡು ಹೇಳಿಸಿ, ಚಿಕಿತ್ಸೆಗೆ ಕಳಿಸಿ. ಎಷ್ಟು ಜನರಿಗೆ ಹೇಳಿದಿರಿ ಎಂಬುದನ್ನು ಮುಂದಿನ ವರದಿಯಲ್ಲಿ ಅಚ್ಚು ಹಾಕಿಸಿ.

ನಿನ್ನೆ ತಮ್ಮನ ಫೋನಿಗೆ ನಿಮ್ಮ ಮೆಸೇಜು ಬಂತು. ಮುಂದಿನ ಶಿಬಿರ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ, ಡಿಪೊದ ಊಟದ ಹಾಲಿನಲ್ಲಿ.

ಇಂತಿ,
ಆ 287ರಲ್ಲಿ ಒಬ್ಬನ ಅಕ್ಕ