ಅಪ್ಪನ ಕಡೆಯಿಂದ ಬಂದದ್ದು

ಕಲ್ಯಾಣದುರ್ಗದ ನನ್ನತ್ತೆಗೆ,

ಹಿಂದೂಪುರದಿಂದ ನಿನ್ನ ತಮ್ಮನ ಮಗಳು ಬರೆಯುತ್ತಿದ್ದೇನೆ. ಬದುಕಿದ್ದಾಗ ಒಂದು ಒಳ್ಳೆ ಮಾತಾಡಲಿಲ್ಲ, ಈಗ ಕಾಗದ ಬರೀತಾಳೆ ಎಂದು ನಗಬೇಡ.

ನನ್ನನ್ನು ನೋಡಲು ಗಂಡಿನವರು ಬಂದ ದಿನ ನೆನಪಿದೆಯಾ? ನಿನಗೆ ಎದೆಯ ಕ್ಯಾನ್ಸರ್ ಆಪರೇಷನ್ ಆಗಿತ್ತು. ಗೊತ್ತಾದರೆ ಸಂಬಂಧ ತಪ್ಪುತ್ತದೆಂದು ಅಪ್ಪ ನಿನ್ನನ್ನು ಒಳಗೇ ಇರು ಎಂದಿದ್ದ. ನೀನು ಕೇಳುವವಳೇ? ಕಾಫಿ ತಟ್ಟೆ ಹಿಡಿದು ಬಂದು ಗಂಡಿನ ತಾಯಿಯ ಮುಂದೆ ಕೂತೇಬಿಟ್ಟೆ. "ನಂಗೆ ಎದೆ ಕ್ಯಾನ್ಸರ್ ಆಗಿ ಕುಯ್ಸ್ಕಂಡಿವ್ನಿ ಕಣಮ್ಮ. ತಿಳ್ಕಂಡೇ ಹೆಣ್ಣು ಕರ್ಕಂಡೋಗಿ" ಅಂದೆ. ಅವರೇನೋ "ಚೆಪ್ಪಿನಾರು ಗದಾ, ಅದೇ ಚಾಲು", ಹೇಳಿದಿರಲ್ಲ, ಅಷ್ಟೇ ಸಾಕು ಎಂದು ತೆಲುಗಿನಲ್ಲೇ ಒಪ್ಪಿದರು. ನಾನು ಮಾತ್ರ ನೀನು ಸಾಯುವವರೆಗೂ ಮುಖ ಗಂಟಿಕ್ಕಿಕೊಂಡೇ ಇದ್ದೆ. ಎಂಥ ದಡ್ಡಿ ನಾನು...

ಹೋದ ವರ್ಷ ಸ್ತನದಲ್ಲಿ ನೋವೆಂದು ಆಸ್ಪತ್ರೆಗೆ ಹೋದೆವು. ವಂಶದಲ್ಲಿ ಯಾರಿಗಾದರೂ ಕ್ಯಾನ್ಸರ್ ಇತ್ತಾ ಎಂದು ಡಾಕ್ಟರಮ್ಮ ಕೇಳಿದಾಗ ಇಲ್ಲ ಎಂದೆ. ಅಮ್ಮನಿಗಿಲ್ಲ, ಅಜ್ಜಿಗಿಲ್ಲ. ಹೆಂಗಸರ ಕಾಯಿಲೆ ಅಪ್ಪನ ಕಡೆಯಿಂದಲೂ ಬರುತ್ತದೆಂದು ನಮ್ಮಲ್ಲಿ ಯಾರು ತಾನೇ ನಂಬುತ್ತಾರೆ? ನಮ್ಮ ಯಜಮಾನರು ಮಾತ್ರ ನಿನ್ನನ್ನು ಮರೆತಿರಲಿಲ್ಲ. "ಇವ್ರಪ್ಪನ ಅಕ್ಕಂಗಿತ್ತು ಮೇಡಂ" ಎಂದರು. ಕೂಡಲೇ ಸ್ಕ್ಯಾನಿಂಗ್ ಬರೆದುಕೊಟ್ಟರು. ಕೈಗೆ ಸಿಗದಷ್ಟು ಚಿಕ್ಕ ಕ್ಯಾನ್ಸರ್ ಗಂಟು ಕಂಡಿತು. ತೆಗೆದರು. ಉಳಿದೆ, ಅತ್ತೆ.

ಆಮೇಲೆ ಜೀನ್ ಪರೀಕ್ಷೆಯೂ ಆಯಿತು. ದೊಡ್ಡ ದೋಷವೇನೂ ಸಿಗಲಿಲ್ಲ. ಆದರೆ ಎಲ್ಲರ ಮೈಯಲ್ಲೂ ಸಣ್ಣಪುಟ್ಟ ವ್ಯತ್ಯಾಸಗಳಿರುತ್ತವಂತೆ. ಒಂದೊಂದರಿಂದ ಆಗುವುದು ಅಷ್ಟಕ್ಕಷ್ಟೇ, ಹಲವು ಒಬ್ಬಳಲ್ಲೇ ಸೇರಿದರೆ ಅಪಾಯ ಹೆಚ್ಚುತ್ತದಂತೆ. ಮನೆಯವರೆಲ್ಲ ಚಿಟಿಕೆ ಚಿಟಿಕೆ ಉಪ್ಪು ಹಾಕಿದ ಸಾರಿನ ಹಾಗೆ ಎಂದುಕೊಂಡೆ. ಹಾಗೆಂದು ಕಾಯಿಲೆ ಬಂದೇ ಬರುತ್ತದೆ ಎಂದೇನಿಲ್ಲ, ಎಚ್ಚರವಾಗಿರಬೇಕು, ಅಷ್ಟೆ. ನಿನ್ನ ಕಾಲಕ್ಕೂ ಯಾರಾದರೂ ಇದನ್ನು ಹೇಳಿದ್ದಿದ್ದರೆ...

ಮೊನ್ನೆ ಕಲ್ಯಾಣದುರ್ಗಕ್ಕೆ ಹೋಗಿ ಅಪ್ಪನಿಗೆ ಎಲ್ಲ ತಿಳಿಸಿದೆ. "ನನ್ ಕಡೆಯಿಂದ್ಲೇ ಬಂತೇನಮ್ಮ ನಿಂಗೆ?" ಎಂದ.

"ನಿನ್ ಕಡೆಯಿಂದ್ಲೇ ಅತ್ತೇನೂ ಬಂದ್ಲು ಕಣಪ್ಪ. ಅವಳಿಂದ್ಲೇ ಉಳ್ಕಂಡೆ" ಎಂದೆ.

ನೀನು ಹೋದ ದಿನವೂ ಅಳದ ನಿನ್ನ ತಮ್ಮ ಅವತ್ತು ಅತ್ತ. ಆಮೇಲೆ ಕಣ್ಣೊರೆಸಿಕೊಂಡು, ವಂಶದ ಹೆಣ್ಣುಮಕ್ಕಳಿಗೆಲ್ಲ ಒಬ್ಬೊಬ್ಬರಿಗೇ ತಾನೇ ಫೋನು ಮಾಡಿದ. ಪ್ರತಿ ಫೋನಿನಲ್ಲೂ ಅವನ ಮೊದಲ ಮಾತು, "ನಮ್ಮಕ್ಕಂಗೆ ಕ್ಯಾನ್ಸರ್ ಇತ್ತು ಕಣಮ್ಮ."