ಕೊನೆಯ ಪುಟದ ಸಹಿ

ಜೂನ್ ೧೧, ಮಂಗಳವಾರ

ಆ ಹುಡುಗಿಯ ಮುಖ ಕಣ್ಣಿಗೆ ಕಟ್ಟಿದಂತಿದೆ. ಅಪ್ಪ ಜೈಲಿನಲ್ಲಿದ್ದಾನೆಂದು ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಬರೆದಿದ್ದಳು. ಅದನ್ನೇ ಎತ್ತಿ ಕಾಲೇಜಿನ ದೇಣಿಗೆ ಮನವಿಯಲ್ಲಿ ಫೋಟೊ ಸಮೇತ ಅಚ್ಚು ಹಾಕಿಸಿ, ಊರಿಗೆಲ್ಲ ಹಂಚಿದವಳು ನಾನು.

ಇವತ್ತು ಆಫೀಸಿಗೆ ಬಂದಳು. "ಮೇಡಂ, ಅದನ್ನ ನಿಮಗಷ್ಟೇ ಅಂತ ಬರೆದಿದ್ದೆ. ಅಪ್ಪ ದೂರದಲ್ಲಿ ಕೆಲಸದಲ್ಲಿದಾರೆ ಅಂತ ತಂಗಿಗೆ ಹೇಳಿದ್ವಿ. ನಿನ್ನೆ ಅವಳ ಕ್ಲಾಸಲ್ಲಿ ಯಾರೋ ಎಲ್ಲರೆದುರು ಓದಿದ್ರಂತೆ."

ಅರ್ಜಿ ತೆಗೆದು ಕೊನೆಯ ಪುಟದ ಸಣ್ಣಕ್ಷರದ ಮೇಲೆ ಬೆರಳಿಟ್ಟೆ. "ಒಪ್ಪಿಗೆ ಕೊಟ್ಟಿದ್ದೀಯಲ್ಲಮ್ಮ. ನಿಂದೇ ಸಹಿ. ಓದಿ ಹಾಕಬೇಕಿತ್ತು."

"ಓದಿದ್ರೂ ಹಾಕ್ತಿದ್ದೆ ಮೇಡಂ. ಬೇರೆ ದಾರಿ ಎಲ್ಲಿತ್ತು?"

ಇಂಥ ಒಪ್ಪಿಗೆಯನ್ನು ಅರ್ಜಿಯೊಳಗೆ ಸೇರಿಸದೆ ಬೇರೆಯಾಗಿಯೇ ಕೇಳಬೇಕೆಂಬ ನಿಯಮ ನನಗೆ ಗೊತ್ತಿತ್ತು. ಅರ್ಜಿಯನ್ನು ಮತ್ತೆ ಫೈಲಿನೊಳಗೆ ಸೇರಿಸಿದೆ.

"ಹೋಗುವಾಗ ಬಾಗಿಲು ಹಾಕ್ಕೊಂಡು ಹೋಗು" ಎಂದೆ.

ಸದ್ದಾಗದಂತೆ ಹಾಕಿಕೊಂಡು ಹೋದಳು. ದಡಾರನೆ ಬಡಿದಿದ್ದರೆ ನನಗೆ ಈಗ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.